ದಿನಾ ಗುಡಿಸಿ ಒರೆಸಿದರೂ ಬೆಳಗಿನ ಸೀನು ನಿಲ್ಲುತ್ತಿಲ್ಲ. ತೇವದ ಮನೆಯಲ್ಲಿ ಅಲರ್ಜಿ ತಗ್ಗುವ ಹಾಗೆ ಕ್ಲೀನ್ ಮಾಡೋದು ಹೇಗೆ?

ಸೀನಿನ_ಸರದಾರಿಣಿ
ಎಲ್ಲರಿಗೂ ನಮಸ್ಕಾರ. ಮನೇಲಿ ಮೂರು ಜನ, ಮೂವರದ್ದೂ ಮೂಗಿನ ಗೋಳು. ನನಗೆ ಎದ್ದ ಕೂಡಲೇ ಸಾಲುಸಾಲು ಸೀನು, ನಮ್ಮವರಿಗೆ ಕಣ್ಣು ತುರಿಕೆ, ಮಗಳಿಗೆ ರಾತ್ರಿ ಒಣಕೆಮ್ಮು. ಹೊರಗೆ ಹೋದರೆ ಸ್ವಲ್ಪ ಹೊತ್ತಲ್ಲೇ ಆರಾಮ. ಒಳಗೆ ಬಂದರೆ ಮತ್ತೆ ಶುರು.

ಕ್ಲೀನ್ ಮಾಡಲ್ಲ ಅಂತ ಮಾತ್ರ ಹೇಳಬೇಡಿ. ದಿನಾ ಗುಡಿಸ್ತೀನಿ, ದಿನಾ ಒರೆಸ್ತೀನಿ, ನೆಲದಲ್ಲಿ ಮುಖ ನೋಡ್ಕೋಬಹುದು. ಆದರೆ ನಮ್ಮ ಕಡೆ ಗಾಳಿ ಸದಾ ಜಿಗಿಜಿಗಿ. ವಾರ್ಡ್‌ರೋಬ್ ಹಿಂದಿನ ಗೋಡೆಗೆ ಕಪ್ಪು ಚುಕ್ಕಿ, ಬಳಸದೆ ನೇತುಹಾಕಿದ್ದ ಚರ್ಮದ ಬೆಲ್ಟ್ ಮೇಲೆ ಬಿಳಿ-ಹಸಿರು ಪುಡಿ, ಬಟ್ಟೆ ಬಿಡಿಸಿದರೆ ಮುಗ್ಗಲು ವಾಸನೆ.

ಕೇಳ್ತಿರೋದು ಇಷ್ಟೇ: ಏರ್ ಪ್ಯೂರಿಫೈಯರ್, ಡೀಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರೋ ಯಂತ್ರ), ವ್ಯಾಕ್ಯೂಮ್, ಈ ಮೂರರಲ್ಲಿ ಯಾವುದು ಮೊದಲು? ಮೂರನ್ನೂ ಒಟ್ಟಿಗೆ ತಗೊಳ್ಳೋ ಶಕ್ತಿ ಇಲ್ಲ.

ಒಂದೇ_ಮಾತು
ಪ್ಯೂರಿಫೈಯರ್ ತಗೊಳ್ಳಿ. ಕಥೆ ಮುಗೀತು.

ಮಂಚದ_ಕೆಳಗೆ
ಕಥೆ ಅಷ್ಟು ಬೇಗ ಮುಗಿಯಲ್ಲ ಗುರುಗಳೇ. ಬೆಳಗ್ಗೆ ಏಳುತ್ತಲೇ ಸೀನು, ರಾತ್ರಿ ಕೆಮ್ಮು ಅಂದರೆ ನನ್ನ ಮೊದಲ ಅನುಮಾನ ಹಾಸಿಗೆ ಮೇಲೆ. ಡಸ್ಟ್ ಮೈಟ್ ಅನ್ನೋ ನುಸಿ. ಗಾತ್ರ ಹೆಚ್ಚು ಕಡಿಮೆ ಕಾಲು ಮಿಲಿಮೀಟರ್, ಬರಿಗಣ್ಣಿಗೆ ಸಿಗೋದೇ ಇಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ಕಚ್ಚಲ್ಲ, ರಕ್ತ ಹೀರಲ್ಲ. ತಿಗಣೆ ಜೊತೆ ಗೊಂದಲ ಮಾಡ್ಕೋಬೇಡಿ. ತೊಂದರೆ ಕೊಡೋದು ಮುಖ್ಯವಾಗಿ ಅದರ ಹಿಕ್ಕೆ. ಅದರೊಳಗೆ ಜೀರ್ಣರಸದ ಪ್ರೋಟೀನುಗಳಿರುತ್ತೆ, ಮೂಗಿನ ಒಳಪೊರೆ ಕೆರಳೋದು ಅವಕ್ಕೇ. ಮನೆ ಧೂಳಿನ ಅಲರ್ಜಿಗೆ ಈ ನುಸಿ ಕಾರಣ ಅಂತ 1960ರ ದಶಕದಲ್ಲಿ ನೆದರ್ಲೆಂಡ್ಸ್‌ನ ವೂರ್‌ಹಾರ್ಸ್ಟ್, ಸ್ಪೀಕ್ಸ್‌ಮಾ ತಂಡ ತೋರಿಸಿಕೊಟ್ಟಿತು. ಅದಕ್ಕೂ ಮೊದಲು ಡಾಕ್ಟರುಗಳು ಸುಮ್ಮನೆ 'ಧೂಳು' ಅಂತಿದ್ದರು.

ಈಗ ಪ್ಯೂರಿಫೈಯರ್ ವಿಷಯ. ಈ ಹಿಕ್ಕೆಯ ಕಣ ಗಾತ್ರದಲ್ಲಿ ದೊಡ್ಡದು, 10ರಿಂದ 40 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಹಾಸಿಗೆ ಕೊಡವಿದಾಗ ಎದ್ದು, ಅರ್ಧ ಗಂಟೆಯೊಳಗೆ ಮತ್ತೆ ಕೆಳಗೆ ಕೂತುಬಿಡುತ್ತೆ. ಮೂಲೆಯಲ್ಲಿ ಕೂತ ಯಂತ್ರ ಗಾಳಿಯಲ್ಲಿ ಇರುವುದನ್ನು ಹಿಡಿದೀತು, ದಿಂಬಿನೊಳಗೆ ಇರುವುದನ್ನಲ್ಲ. ನೀವು ರಾತ್ರಿಯಿಡೀ ಮೂಗು ಹುದುಗಿಸಿ ಮಲಗೋದು ಆ ದಿಂಬಿಗೇ.

ಒಂದೇ_ಮಾತು
ನಮ್ಮನೇಲಿ ಪ್ಯೂರಿಫೈಯರ್‌ನಿಂದ ಫರಕ್ ಆಗಿದೆ ರೀ. ಪುಸ್ತಕ ಓದಿ ಬರೆದವರ ಮಾತು ನಂಬೋದೋ ನನ್ನ ಮೂಗು ನಂಬೋದೋ?

ಮಂಚದ_ಕೆಳಗೆ
ನಿಮ್ಮನೇಲಿ ಬೆಕ್ಕು ಇದೆಯಾ?

ಒಂದೇ_ಮಾತು
ಇದೆ. ಅದಕ್ಕೂ ಇದಕ್ಕೂ ಏನು?

ಮಂಚದ_ಕೆಳಗೆ
ಸಂಬಂಧ ಇದೆ. ಬೆಕ್ಕಿನ ಅಲರ್ಜಿ ಪ್ರೋಟೀನು ತೀರಾ ಸಣ್ಣ ಕಣಗಳ ಮೇಲೂ ಕೂತಿರುತ್ತೆ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತೆ. ಅಂಥದ್ದನ್ನು ಹೆಪಾ ಫಿಲ್ಟರ್ ಚೆನ್ನಾಗಿ ಹಿಡಿಯುತ್ತೆ. 0.3 ಮೈಕ್ರಾನ್ ಕಣವನ್ನು ಶೇ. 99.97ರಷ್ಟು ತಡೆದರೇ ಅದಕ್ಕೆ ಹೆಪಾ ಅನ್ನೋದು. ಹಾಗಾಗಿ ನಿಮ್ಮ ಮೂಗೂ ಸುಳ್ಳು ಹೇಳ್ತಿಲ್ಲ, ನಾನೂ ಹೇಳ್ತಿಲ್ಲ. ರೋಗ ಬೇರೆ, ಮದ್ದು ಬೇರೆ.

ಪೊರಕೆ_ಬಿಟ್ಟವಳು
ಅಕ್ಕಾ, ದಿನಾ ಗುಡಿಸ್ತೀನಿ ಅಂದ್ರಲ್ಲ, ಒಣ ಪೊರಕೆಯಲ್ಲಾ? ಬೆಳಗ್ಗೆ ಕಿಟಕಿಯಿಂದ ಬಿಸಿಲಕೋಲು ಬೀಳೋ ಹೊತ್ತಿಗೆ ಒಂದ್ಸಲ ಗುಡಿಸಿ ನೋಡಿ. ಪೊರಕೆ ಎಳೆದ ಕಡೆಯೆಲ್ಲ ಧೂಳು ಮಂಡಿ ಎತ್ತರ ಏಳುತ್ತೆ, ಸೋಫಾ ಮೇಲೆ, ಹಾಸಿಗೆ ಮೇಲೆ ನಿಧಾನಕ್ಕೆ ಇಳಿಯುತ್ತೆ. ನೆಲ ಫಳಫಳ, ದಿಂಬು ಮಾತ್ರ ಧೂಳು ಧೂಳು.

ನಮ್ಮ ಪದ್ಧತಿ: ಮೇಲಿಂದ ಕೆಳಕ್ಕೆ. ಮೊದಲು ಫ್ಯಾನ್ ರೆಕ್ಕೆ. ಹಳೇ ದಿಂಬಿನ ಕವರನ್ನು ರೆಕ್ಕೆಗೆ ಚೀಲದ ಹಾಗೆ ತೊಡಿಸಿ, ಒತ್ತಿ ಹಿಡಿದು ಎಳೆದರೆ ಧೂಳು ಒಳಗೇ ಉಳಿಯುತ್ತೆ, ತಲೆ ಮೇಲೆ ಬೀಳಲ್ಲ. ಆಮೇಲೆ ಕಪಾಟಿನ ನೆತ್ತಿ, ಬಾಗಿಲ ಚೌಕಟ್ಟು, ಕಿಟಕಿ ಸರಳು, ಎಲ್ಲ ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ. ನೆಲ ಕಡೆಗೆ. ಬಟ್ಟೆ ಒದ್ದೆ ಅಂದರೆ ಹಿಂಡಿದ ಒದ್ದೆ, ತೊಟ್ಟಿಕ್ಕೋ ಒದ್ದೆ ಅಲ್ಲ.

ಕಿಟಕಿ_ರಾಯ
ಇಷ್ಟೆಲ್ಲ ಯಾಕ್ರಿ? ಕಿಟಕಿ ಬಾಗಿಲು ತೆಗೆದಿಡ್ರಿ. ಗಾಳಿ ಬೆಳಕು ಆಡಿದ್ರ ಬೂಷ್ಟೂ ಇಲ್ಲ, ನುಸೀನೂ ಇಲ್ಲ. ಈಗಿನ ಮಂದಿ ಎಲ್ಲಾ ಮುಚ್ಚಿಕೊಂಡು ಕುಂತು ಆಮ್ಯಾಲೆ ಯಂತ್ರ ತರ್ತಾರ.

ಸೀನಿನ_ಸರದಾರಿಣಿ
ಕಿಟಕಿ ಇಡೀ ದಿನ ತೆಗೆದೇ ಇರ್ತೀನಿ ಸರ್. ಹಾಗಿದ್ದೂ ಬೆಲ್ಟ್‌ಗೆ ಬೂಷ್ಟು ಬಂದಿದ್ದು.

ಲೆಕ್ಕದ_ಮೇಷ್ಟ್ರು
ಕಿಟಕಿ ತೆಗೆಯೋದು ಒಳ್ಳೇದೋ ಕೆಟ್ಟದ್ದೋ ಅನ್ನೋದು ಹೊರಗಿನ ಗಾಳಿಯಲ್ಲಿ ಎಷ್ಟು ನೀರಿದೆ ಅನ್ನೋದರ ಮೇಲೆ ನಿಂತಿದೆ. ಸ್ವಲ್ಪ ಲೆಕ್ಕ ಹಾಕೋಣ.

ಮಳೆ ಹಿಡಿದ ಬೆಳಗು. ಹೊರಗೆ 24 ಡಿಗ್ರಿ, ತೇವಾಂಶ ಶೇ. 95. ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 21 ಗ್ರಾಂ ನೀರಿನ ಆವಿ. ಅದೇ ಗಾಳಿ ಒಳಗೆ ಬಂದು 28 ಡಿಗ್ರಿಗೆ ಬೆಚ್ಚಗಾದರೆ ಅದರ ತೇವಾಂಶ ಶೇ. 76ರ ಹತ್ತಿರ ನಿಲ್ಲುತ್ತೆ. ನಿಮ್ಮ ಕೋಣೆ ಅದಕ್ಕೂ ಮುಂಚೆ ಶೇ. 65ರಲ್ಲಿ ಇತ್ತು ಅಂದ್ಕೊಳ್ಳಿ. ಕಿಟಕಿ ತೆಗೆದು ನೀವಾಗಿಯೇ ನೀರು ಒಳಗೆ ಕರೆದಂತಾಯಿತು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ರಾತ್ರಿಯೆಲ್ಲ ಏಸಿ ಹಾಕಿ ಗೋಡೆ 24 ಡಿಗ್ರಿಗೆ ತಣ್ಣಗಾಗಿದೆ. ಬೆಳಗ್ಗೆ ಏಸಿ ಆರಿಸಿ 'ಫ್ರೆಶ್ ಏರ್' ಅಂತ ಕಿಟಕಿ ತೆಗೀತೀರಿ. ಹೊರಗೆ 30 ಡಿಗ್ರಿ, ಶೇ. 75. ಆ ಗಾಳಿ 25 ಡಿಗ್ರಿಗೆ ಇಳಿದರೆ ಸಾಕು, ಇಬ್ಬನಿ ಕಟ್ಟುತ್ತೆ. ಗೋಡೆ ಅದಕ್ಕಿಂತ ತಣ್ಣಗಿದೆ, ನೀರು ಗೋಡೆ ಮೇಲೇ ಕೂರುತ್ತೆ. ಕಣ್ಣಿಗೆ ಕಾಣಲ್ಲ, ಆದರೆ ವಾರ್ಡ್‌ರೋಬ್ ಹಿಂದೆ ಗಾಳಿ ಆಡದ ಕಡೆ ಅದು ಆರುವುದೂ ಇಲ್ಲ. ಬೂಷ್ಟಿಗೆ 24ರಿಂದ 48 ಗಂಟೆ ಒದ್ದೆ ಸಿಕ್ಕರೆ ಬೇರು ಬಿಡಲು ಸಾಕು.

ಕಿಟಕಿ_ರಾಯ
ಮೇಷ್ಟ್ರೇ, ಹಂಗಾದ್ರ ನಮ್ಮ ಅಜ್ಜ ಮುತ್ತಜ್ಜ ಎಲ್ಲಾ ಮೀಟರ್ ಹಿಡಕೊಂಡು ಕಿಟಕಿ ತೆಗೀತಿದ್ರೇನು?

ಲೆಕ್ಕದ_ಮೇಷ್ಟ್ರು
ಅವರ ಮನೇಲಿ ಏಸಿ ಇರಲಿಲ್ಲ, ಗೋಡೆಗೆ ಅಂಟಿಸಿದ ಪ್ಲೈವುಡ್ ಬೀರು ಇರಲಿಲ್ಲ, ಫೋಮ್ ಮ್ಯಾಟ್ರೆಸ್ ಇರಲಿಲ್ಲ. ಗೋಡೆ, ಹೊರಗಿನ ಗಾಳಿ ಎರಡೂ ಒಂದೇ ಬಿಸಿ. ಹಾಗಿದ್ದಾಗ ಕಿಟಕಿ ತೆಗೆದರೆ ನಷ್ಟ ಇಲ್ಲ. ಮಳೆ ನಿಂತು ಬಿಸಿಲು ಬಂದ ಮಧ್ಯಾಹ್ನ ಈಗಲೂ ತೆಗೀರಿ, ಬೇಡ ಅನ್ನಲ್ಲ. ಸುಡುವಾಗ, ಕುದಿಸುವಾಗ, ಸ್ನಾನ ಆದಮೇಲೆ ಒಳಗಿನ ಆವಿ ಹೊರಹಾಕಲು ತೆಗೆಯೋದೂ ಸರಿ. ಇಡೀ ದಿನ ಕಣ್ಣುಮುಚ್ಚಿ ತೆಗೆದಿಡೋದು ಮಾತ್ರ ಸರಿಯಲ್ಲ.

ಕಿಟಕಿ_ರಾಯ
ಮಧ್ಯಾಹ್ನ ತೆಗೀಬೋದು ಅಂದ್ರಲ್ಲ, ಅಷ್ಟು ಸಾಕು ನನಗ 😄

ಎಲೆಕ್ಟ್ರಿಕ್_ಎಂಕ
ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೇನೆ. ಏಸಿ ಫ್ಯಾನನ್ನು 'ಆಟೋ'ದಲ್ಲಿ ಇಡಿ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ಓಡ್ತಾ ಇದ್ದರೆ ಒಳಗಿನ ತಣ್ಣನೆ ಕಾಯಿಲ್ ಮೇಲೆ ಹಿಡಿದ ನೀರೇ ಮತ್ತೆ ಆವಿಯಾಗಿ ಕೋಣೆಗೆ ಬರ್ತದೆ. ಕೋಣೆಗೆ ಮೀರಿದ ದೊಡ್ಡ ಏಸಿ ಹಾಕಿದರೂ ಅದೇ ಕತೆ ಮಾರಾಯ್ರೆ: ಬೇಗ ತಣ್ಣಗೆ ಮಾಡಿ ನಿಂತುಬಿಡ್ತದೆ, ನೀರು ಹಿಂಡಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ತಣ್ಣಗೆ ಇದ್ದೂ ಜಿಗಿಜಿಗಿ ಅನ್ನಿಸುವ ಕೋಣೆ ಅಂದರೆ ಅದೇ. ಫಿಲ್ಟರ್ ಜಾಲರಿ ಎಳೆದು ನಲ್ಲಿ ಕೆಳಗೆ ಹಿಡಿಯಿರಿ, ಪೂರ್ತಿ ಒಣಗಿಸಿ ಹಾಕಿ. ಒದ್ದೆ ಜಾಲರಿ ವಾಪಸ್ ಸಿಕ್ಕಿಸುವವರೂ ಇದ್ದಾರೆ!

ಸೀನಿನ_ಸರದಾರಿಣಿ
ಶೇಕಡಾ 65, 76 ಅಂತೆಲ್ಲ ಹೇಳ್ತಿದ್ದೀರಿ. ಗೊತ್ತಾಗೋದು ಹೇಗೆ? ನಮ್ಮನೇಲಿ ಒಂದು ಗಡಿಯಾರದಲ್ಲಿ ತೇವಾಂಶ ತೋರಿಸುತ್ತೆ, ಪಕ್ಕದಲ್ಲೇ ಇಟ್ಟ ಇನ್ನೊಂದು ಬೇರೇನೇ ತೋರಿಸುತ್ತೆ.

ಲೆಕ್ಕದ_ಮೇಷ್ಟ್ರು
ಹೈಗ್ರೋಮೀಟರ್ ಬೇಕು, ಆದರೆ ಪರೀಕ್ಷೆ ಮಾಡದೆ ನಂಬಬೇಡಿ. ಪರೀಕ್ಷೆಗೆ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ಹನಿ ಹನಿ ನೀರು ಹಾಕಿ. ಒದ್ದೆ ಮರಳಿನ ಹದ ಬರಬೇಕು, ಮೇಲೆ ನೀರು ನಿಲ್ಲಬಾರದು. ಮುಚ್ಚಳ, ಮೀಟರ್ ಎರಡನ್ನೂ ಜಿಪ್ ಕವರಿನಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ, ಒಂದು ರಾತ್ರಿ ಒಂದೇ ಕಡೆ ಬಿಡಿ. ಒಳಗಿನ ಗಾಳಿ ಶೇ. 75ಕ್ಕೆ ಬಂದು ನಿಲ್ಲುತ್ತೆ. ಉಪ್ಪಿನ ಗುಣವೇ ಅದು. ಮೀಟರ್ 70 ತೋರಿಸಿದರೆ ಯಾವಾಗಲೂ 5 ಸೇರಿಸಿ ಓದಿ.

ಶೇ. 50ರ ಕೆಳಗೆ ಇದ್ದರೆ ನುಸಿಗೆ ಬದುಕು ಕಷ್ಟ. ಅದು ನೀರು ಕುಡಿಯಲ್ಲ, ಗಾಳಿಯಲ್ಲಿನ ತೇವ ಹೀರಿಯೇ ಬದುಕೋದು. ಒಣ ಗಾಳಿಯಲ್ಲಿ ಒಣಗಿ ಸಾಯುತ್ತೆ. ಶೇ. 60ರ ಕೆಳಗೆ ಇದ್ದರೆ ಬೂಷ್ಟೂ ಬಹುಮಟ್ಟಿಗೆ ಹಿಡಿತದಲ್ಲಿರುತ್ತೆ. ಮೀಟರನ್ನು ಹಾಲ್ ಮಧ್ಯೆ ಇಟ್ಟು ಖುಷಿಪಡಬೇಡಿ. ಮಂಚದ ಪಕ್ಕ, ಆಮೇಲೆ ಬೀರು ಒಳಗೆ ಇಟ್ಟು ನೋಡಿ.

ಪೊರಕೆ_ಬಿಟ್ಟವಳು
ಮೇಷ್ಟ್ರೇ ನೀವು ಎಲ್ಲಿದ್ರಿ ಇಷ್ಟು ದಿನ 🙏

ಗಾರೆ_ಕರಣೆ
ಗೋಡೆ ಬಗ್ಗೆ ಯಾರೂ ಸರಿಯಾಗಿ ಕೇಳ್ಲಿಲ್ಲ. ಅಮ್ಮಾ, ಆ ಕಪ್ಪು ಚುಕ್ಕಿ ಇರೋ ಗೋಡೆ ಹೊರಗೋಡೆನಾ? ಅದರ ಆಚೆ ಬಾತ್‌ರೂಮ್ ಐತಾ? ಮೇಲೆ ಯಾವುದಾದ್ರೂ ಪೈಪ್ ಹೋಗೈತಾ?

ಒಂದು ಸುಲಭ ಪರೀಕ್ಷೆ. ಬೂಷ್ಟು ಒರೆಸಿ ಒಣಗಿದ ಜಾಗಕ್ಕೆ ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಗೋಡೆ ಕಡೆ ಮಗ್ಗಲಿಗೆ ನೀರು ಹನಿ ಇದ್ರೆ ತೇವ ಗೋಡೆಯೊಳಗಿಂದ ಬರ್ತೈತೆ: ಸೋರಿಕೆ ಇರಬಹುದು, ನೆಲದಿಂದ ಏರಿದ್ದಿರಬಹುದು. ಕೋಣೆ ಕಡೆ ಮಗ್ಗಲು ಒದ್ದೆ ಆಗಿದ್ರೆ ಅದು ಮೇಷ್ಟ್ರು ಹೇಳಿದ ಇಬ್ಬನಿ. ಎರಡಕ್ಕೂ ಮದ್ದು ಬೇರೆ ಬೇರೆ. ಸೋರಿಕೆ ಇದ್ರೆ ನೀವು ಯಾವ ಯಂತ್ರ ತಂದರೂ ಹೊಳೇಲಿ ಹುಣಸೆಹಣ್ಣು ತೊಳೆದಂಗೆ.

ಇನ್ನೊಂದು, ದಯವಿಟ್ಟು ಬೂಷ್ಟು ಮೇಲೇ ಪೇಂಟ್ ಹೊಡೀಬೇಡಿ. ಆ ಪೇಂಟೇ ಪದರ ಪದರವಾಗಿ ಎದ್ದು ಬರ್ತೈತೆ. ಬೀರು ಗೋಡೆಯಿಂದ ನಾಲ್ಕು ಬೆರಳಾದ್ರೂ ಮುಂದಕ್ಕೆ ಎಳೀರಿ, ಹಿಂದೆ ಗಾಳಿ ಹೋಗ್ಬೇಕು.

ಬಿಳಿ_ಬಕೆಟ್
ಬೂಷ್ಟಿಗೆ ನನ್ನ ಬ್ರಹ್ಮಾಸ್ತ್ರ: ಬಕೆಟ್ಟಿಗೆ ಬ್ಲೀಚ್ ಸುರಿದು, ಜೊತೆಗೆ ಸ್ವಲ್ಪ ಟಾಯ್ಲೆಟ್ ಕ್ಲೀನರ್ ಆ್ಯಸಿಡ್. ಹಚ್ಚಿ ಬಾಗಿಲು ಹಾಕಿಬಿಡಿ. ಗೋಡೆ ಹಾಲಿನಂತೆ ಬಿಳಿ.

ಲ್ಯಾಬ್_ಕೋಟು
ನಿಲ್ಲಿಸಿ! ಯಾರೂ ಇದನ್ನು ಮಾಡಬೇಡಿ. ಬ್ಲೀಚ್‌ಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೇರಿದರೆ ಕ್ಲೋರಮೈನ್. ಮುಚ್ಚಿದ ಬಾತ್‌ರೂಮಿನಲ್ಲಿ ಆರೋಗ್ಯವಂತರ ಶ್ವಾಸಕೋಶವನ್ನೇ ಸುಡುವಂಥವು ಇವು. ರಾತ್ರಿ ಕೆಮ್ಮುವ ಮಗು ಇರುವ ಮನೆಗೆ ಇಂಥ ಸಲಹೆ ಕೊಡ್ತೀರಲ್ಲ!

ಬ್ಲೀಚ್ ಒಂದೇ ಬಳಸಿದರೂ ಅಷ್ಟೇನೂ ಲಾಭ ಇಲ್ಲ. ಅಲರ್ಜಿಗೆ ಬೂಷ್ಟು ಬದುಕಿರಬೇಕಂತಿಲ್ಲ, ಸತ್ತ ಬೂಷ್ಟಿನ ಪುಡಿಯೂ ಮೂಗಿಗೆ ಅಷ್ಟೇ ಕೆಟ್ಟದ್ದು. ಕೊಲ್ಲೋದಲ್ಲ, ಅಲ್ಲಿಂದ ತೆಗೆಯೋದು ಮುಖ್ಯ. ಟೈಲ್ಸ್, ಗಾಜು, ಲೋಹ, ಗಟ್ಟಿ ಪೇಂಟ್ ಇರುವ ಗೋಡೆಗೆ ಸೋಪು ನೀರು, ಬ್ರಷ್, ಆಮೇಲೆ ಪೂರ್ತಿ ಒಣಗಿಸುವುದು. ಒಣ ಬ್ರಷ್‌ನಲ್ಲಿ ಕೆರೆಯಬೇಡಿ, ಬೀಜಕಣ ಕೋಣೆ ತುಂಬಾ ಹಾರುತ್ತೆ. ಮೊದಲು ಒದ್ದೆ ಮಾಡಿ. ಎನ್95 ಮಾಸ್ಕ್, ಕೈಗೆ ಗ್ಲೌಸ್. ಅಲರ್ಜಿ ಇರುವವರು ಆ ಕೆಲಸಕ್ಕೇ ಇಳಿಯಬಾರದು. ಬೂಷ್ಟು ಒಳಗಿಳಿದ ಫೋಮ್, ರಟ್ಟು, ಚಾವಣಿಯ ಮೆತ್ತನೆ ಹಲಗೆ, ಇವನ್ನೆಲ್ಲ ಎಸೆಯೋದೇ ಸರಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾರ್ಗಸೂಚಿಯಲ್ಲೂ ಬ್ಲೀಚನ್ನು ಮಾಮೂಲಾಗಿ ಬಳಸಿ ಅಂತ ಇಲ್ಲ. ಬೂಷ್ಟು ಸುಮಾರು 10 ಚದರ ಅಡಿ ಮೀರಿದರೆ ಗೊತ್ತಿದ್ದವರನ್ನು ಕರೆಸಿ ಅನ್ನುತ್ತೆ.

ಬಿಳಿ_ಬಕೆಟ್
ನನಗೇನೂ ಆಗಿಲ್ಲ ಇಷ್ಟು ವರ್ಷ.

ಲ್ಯಾಬ್_ಕೋಟು
ಆಗೋದಕ್ಕೆ ಒಂದೇ ಸಲ ಸಾಕು. ಪೋಸ್ಟ್ ಅಳಿಸಿ ದಯವಿಟ್ಟು, ಯಾರಾದರೂ ಮೊದಲ ಸಾಲು ಮಾತ್ರ ಓದಿ ಮಾಡಿಬಿಟ್ಟಾರು.

ಹಳೇ_ಪುಸ್ತಕ
ನಡುವೆ ಬಾಯಿ ಹಾಕ್ತಿದ್ದೀನಿ. ಹಳೇ ಪುಸ್ತಕ ತೆಗೆದಾಗ ಪುಟದ ಮೇಲೆ ಬೂದು ಬಣ್ಣದ ತೀರಾ ಸಣ್ಣ ಹುಳ ಓಡುತ್ತಲ್ಲ, ಅದೇನಾ ಈ ನುಸಿ?

ಮಂಚದ_ಕೆಳಗೆ
ಅಲ್ಲ. ಕಣ್ಣಿಗೆ ಕಂಡು ಓಡ್ತು ಅಂದರೆ ಅದು ಪುಸ್ತಕದ ಹೇನು. ಹೇನು ಅಂತ ಕರೆದರೂ ಕಚ್ಚೋದಿಲ್ಲ, ಕಾಗದದ ಮೇಲಿನ ಸಣ್ಣ ಬೂಷ್ಟು, ಅಂಟು ತಿನ್ನುತ್ತೆ. ಅದು ಕಂಡರೆ ಕಪಾಟಿನಲ್ಲಿ ತೇವ ಜಾಸ್ತಿ ಅಂತ ಮೀಟರ್ ಇಲ್ಲದೇ ಗೊತ್ತಾಯ್ತು ಅಂದ್ಕೊಳ್ಳಿ.

ಹಳೇ_ಪುಸ್ತಕ
ಪುಸ್ತಕ ಎಸೆಯೋ ಮಾತು ಮಾತ್ರ ಆಡಬೇಡಿ.

ಮಂಚದ_ಕೆಳಗೆ
ಎಸೀಬೇಡಿ, ಮಲಗೋ ಕೋಣೆಯಿಂದ ಆಚೆ ಇಡಿ. ಗಾಜಿನ ಬಾಗಿಲಿನ ಕಪಾಟು, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಪುಸ್ತಕ ಒತ್ತಿ ಜೋಡಿಸಬೇಡಿ, ಹಿಂದೆ ಸ್ವಲ್ಪ ಸಂದು ಬಿಡಿ. ನ್ಯಾಫ್ತಲಿನ್ ಗುಳಿಗೆ ಬೇಡ. ಅದು ತೇವ ಹೀರಲ್ಲ, ಅದರ ಆವಿ ಉಸಿರಿಗೂ ಒಳ್ಳೇದಲ್ಲ. ಜಿ6ಪಿಡಿ ಅನ್ನೋ ಕಿಣ್ವದ ಹುಟ್ಟು ಕೊರತೆ ಇರುವ ಮಕ್ಕಳಿಗಂತೂ ಅದು ರಕ್ತದ ಕೆಂಪು ಕಣಗಳನ್ನೇ ಒಡೆಯಬಹುದು.

ಬೀರು_ಭಾರ
ಬೀರು ಒಳಗೆ ನೇತುಹಾಕೋ ತೇವ ಹೀರುವ ಪೊಟ್ಟಣ ಬರುತ್ತಲ್ಲ, ಕೆಳಗೆ ನೀರು ತುಂಬಿಕೊಳ್ಳುವಂಥದ್ದು? ಅದು ಕೆಲಸ ಮಾಡುತ್ತಾ?

ಲ್ಯಾಬ್_ಕೋಟು
ಮುಚ್ಚಿದ ಬೀರುವಿಗೆ ಮಾಡುತ್ತೆ, ಕೋಣೆಗೆ ಸಾಲಲ್ಲ. ಒಳಗಿರೋದು ಕ್ಯಾಲ್ಸಿಯಂ ಕ್ಲೋರೈಡ್. ಕೆಳಗೆ ಇಳಿಯೋದು ಬರೀ ನೀರಲ್ಲ, ಗಾಢ ಉಪ್ಪುನೀರು. ಚರ್ಮದ ಚೀಲದ ಮೇಲೆ ಚೆಲ್ಲಿದರೆ ಹಾಳು, ಲೋಹಕ್ಕೆ ತುಕ್ಕು. ಮಕ್ಕಳ ಕೈಗೆ ಸಿಗದಂತೆ ನೇತುಹಾಕಿ.

ಸಂಶಯ_ಸಾಹೇಬ
ಎಲ್ಲರೂ ಹಾಸಿಗೆ ಕವರ್, ಬಿಸಿನೀರು ಅನ್ನೋ ಕಡೆ ಹೊರಟಿದ್ದೀರಿ. ಒಂದು ಕಹಿ ಮಾತು ಹೇಳ್ತೀನಿ. 2008ರಲ್ಲಿ ಕಾಕ್ರೇನ್ ಸಂಸ್ಥೆಯವರು ಅಷ್ಟೂ ಪ್ರಯೋಗ ಕಲೆಹಾಕಿ ನೋಡಿದರು: ನುಸಿ ತಡೆಯುವ ಕವರ್, ಔಷಧ ಇತ್ಯಾದಿಯಿಂದ ಆಸ್ತಮಾ ರೋಗಿಗಳಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ದೊಡ್ಡ ಪ್ರಯೋಗದಲ್ಲೂ ವಯಸ್ಕರಿಗೆ ಬರೀ ಕವರ್ ಹಾಕಿದ್ದರಿಂದ ಏನೂ ಆಗಲಿಲ್ಲ. ಸುಮ್ಮನೆ ದುಡ್ಡು ದಂಡ.

ಮಂಚದ_ಕೆಳಗೆ
ಹೇಳಿದ್ದು ನಿಜ, ಆದರೆ ಅರ್ಧ ನಿಜ. ಅದೇ ಪತ್ರಿಕೆಯಲ್ಲಿ 2004ರಲ್ಲಿ ಬಂದದ್ದನ್ನೂ ಹೇಳಬೇಕಲ್ಲ. ಅಮೆರಿಕದ 7 ನಗರಗಳ 937 ಆಸ್ತಮಾ ಮಕ್ಕಳು. ಪ್ರತಿ ಮಗುವಿಗೂ ಯಾವುದರ ಅಲರ್ಜಿ ಅಂತ ಮೊದಲು ಪರೀಕ್ಷೆ ಮಾಡಿ, ಆಮೇಲೆ ಅವರ ಮನೆಗೆ ತಕ್ಕಂತೆ ಹಾಸಿಗೆ ಕವರ್, ಹೆಪಾ ವ್ಯಾಕ್ಯೂಮ್, ಪ್ಯೂರಿಫೈಯರ್, ಜಿರಳೆ ನಿಯಂತ್ರಣ ಎಲ್ಲ ಸೇರಿಸಿ ಮಾಡಿದರು. ಆ ಮಕ್ಕಳಿಗೆ ಉಬ್ಬಸದ ದಿನಗಳು ಕಡಿಮೆಯಾದವು. ಕವರ್ ಒಂದೇ ಹಾಕಿ ಪವಾಡ ಕಾಯಬಾರದು, ಅಷ್ಟೇ.

ಸಂಶಯ_ಸಾಹೇಬ
ಹೌದು, ಅಲ್ಲೂ 'ಮೊದಲು ಪರೀಕ್ಷೆ' ಅಂತಿದೆ. ಇಲ್ಲಿ ಯಾರಾದರೂ ಈ ಮೇಡಂಗೆ ಪರೀಕ್ಷೆ ಮಾಡಿಸಿ ಅಂದ್ರಾ? ಎಲ್ಲರೂ ನೇರ ನುಸಿಗೆ ಗಲ್ಲು ಶಿಕ್ಷೆ ಕೊಟ್ಟಾಯ್ತು.

ಲ್ಯಾಬ್_ಕೋಟು
ಇದಕ್ಕೆ ನನ್ನ ವೋಟು ಸಾಹೇಬರಿಗೆ. ಚರ್ಮಕ್ಕೆ ಸೂಜಿಮೊನೆ ತಾಗಿಸಿ ಮಾಡುವ ಸ್ಕಿನ್ ಪ್ರಿಕ್ ಟೆಸ್ಟ್, ಇಲ್ಲಾ ರಕ್ತದಲ್ಲಿ ಅಲರ್ಜಿಯ ಪ್ರತಿಕಾಯ ಹುಡುಕುವ ಐಜಿಇ ಟೆಸ್ಟ್. ನುಸಿಯಾ, ಬೂಷ್ಟಾ, ಜಿರಳೆಯಾ, ಬೆಕ್ಕಾ ಅಂತ ಗೊತ್ತಾದರೆ ಅರ್ಧ ಖರ್ಚು ಉಳಿಯುತ್ತೆ. ಮಗಳ ರಾತ್ರಿ ಕೆಮ್ಮನ್ನು ಮಾತ್ರ ಟೆಸ್ಟ್‌ಗೆ ಕಾಯದೆ ಡಾಕ್ಟರಿಗೆ ತೋರಿಸಿ ಅಕ್ಕ. ಮಕ್ಕಳಲ್ಲಿ ಬಿಡದ ಒಣಕೆಮ್ಮೇ ಆಸ್ತಮಾದ ಲಕ್ಷಣ ಆಗಿರಬಹುದು. ಔಷಧ ಕೊಟ್ಟರೆ, ಮನೆ ಕ್ಲೀನಾಯ್ತಲ್ಲ ಅಂತ ನೀವಾಗೇ ನಿಲ್ಲಿಸಬೇಡಿ.

ಸೀನಿನ_ಸರದಾರಿಣಿ
ಈ ವಾರವೇ ಕರ್ಕೊಂಡು ಹೋಗ್ತೀನಿ. ಜಿರಳೆ ಅಂದ್ರಲ್ಲ, ಸಿಂಕ್ ಕೆಳಗೆ ಇವೆ. ಅದಕ್ಕೂ ಸೀನಿಗೂ ಸಂಬಂಧ ಇದೆಯಾ??

ಸಿಂಕ್_ಸಿಪಾಯಿ
ಇದೆ, ಚೆನ್ನಾಗಿಯೇ ಇದೆ. ಹಿಕ್ಕೆ, ಜೊಲ್ಲು, ಕಳಚಿದ ಚರ್ಮ, ಸತ್ತ ಮೈ, ಎಲ್ಲವೂ ಒಣಗಿ ಪುಡಿಯಾಗಿ ಧೂಳಿಗೆ ಸೇರುತ್ತೆ. ಸ್ಪ್ರೇ ಹೊಡೆದು ಒಂದು ರಾಶಿ ಕೊಂದು ಅಲ್ಲೇ ಬಿಟ್ಟರೆ ಅಲರ್ಜಿ ಹಾಗೇ ಉಳಿಯುತ್ತೆ, ಸ್ಪ್ರೇ ವಾಸನೆಗೆ ಮೂಗು ಇನ್ನಷ್ಟು ಕೆರಳುತ್ತೆ.

ನಾನು ಮಾಡೋದು ಜೆಲ್ ಬೈಟ್, ಅಂದರೆ ಜಿರಳೆ ತಿಂದು ಸಾಯುವ ವಿಷದ ಜೆಲ್. ಕಡಲೆ ಕಾಳಿನಷ್ಟೂ ಬೇಡ, ಅದಕ್ಕಿಂತ ಸಣ್ಣ ಚುಕ್ಕಿ, ಕೀಲಿನ ಸಂದಿ, ಪೈಪ್ ಗೋಡೆ ಹೊಕ್ಕ ಜಾಗ, ಫ್ರಿಜ್ ಮೋಟರ್ ಹತ್ತಿರ. ಜೆಲ್ ಹಾಕಿದ ಕಡೆ ಸ್ಪ್ರೇ ಹೊಡೀಬಾರದು, ವಾಸನೆಗೆ ಹೆದರಿ ಜಿರಳೆ ಜೆಲ್ ಮುಟ್ಟಲ್ಲ. ರಾತ್ರಿ ಸಿಂಕ್ ಒಣಗಿಸಿ ಮಲಗಿ. ಹಸಿವನ್ನು ತಡಕೊಂಡಾವು, ನೀರಿಲ್ಲದೆ ಇರಲಾರವು. ಎಲ್ಲ ಸತ್ತ ಮೇಲೆ ಕಪಾಟಿನ ಒಳಗೆಲ್ಲ ಸೋಪು ನೀರಿನಲ್ಲಿ ಒರೆಸಬೇಕು. ಎಲ್ಲರೂ ಬಿಟ್ಟುಬಿಡೋದು ಇದೊಂದನ್ನೇ.

ಒಂದೇ_ಮಾತು
ಹಾಗಾದರೆ ನನ್ನ ಬೆಕ್ಕು ಜಿರಳೆ ಹಿಡಿಯೋದು ಒಳ್ಳೇದೇ ಆಯ್ತು.

ಬೆಕ್ಕಮ್ಮ
ಬೆಕ್ಕಿನ ವಿಷಯ ಬಂತು ಅಂತ ಬಂದೆ 🐈 'ಅಲರ್ಜಿ ಇಲ್ಲದ ತಳಿ' ಅಂತ ಯಾರಾದರೂ ಮಾರಿದರೆ ನಂಬಬೇಡಿ, ಹಾಗೆ ಗ್ಯಾರಂಟಿ ಕೊಡುವ ತಳಿ ಯಾವುದೂ ಇಲ್ಲ. ಪ್ರೋಟೀನು ಜೊಲ್ಲಿನಲ್ಲಿ, ಚರ್ಮದಲ್ಲಿ ಇರೋದು. ಕೂದಲು ಗಿಡ್ಡ ಇದ್ದರೂ ಬೆಕ್ಕು ಮೈ ನೆಕ್ಕದೆ ಇರುತ್ತಾ? ಮಲಗೋ ಕೋಣೆಗೆ ಬಿಡಬೇಡಿ, ಅದೊಂದು ನಿಯಮ ಇಟ್ಟುಕೊಳ್ಳಿ.

ಒಂದೇ_ಮಾತು
ನಿಯಮ ನಾನು ಇಟ್ಟುಕೊಂಡೆ. ಬೆಕ್ಕು ಇಟ್ಟುಕೊಂಡಿಲ್ಲ.

ಬೆಕ್ಕಮ್ಮ
😂😂 ಬೆಕ್ಕು ಹೋದ ಮೇಲೂ ಅಲರ್ಜಿ ತಿಂಗಳುಗಟ್ಟಲೆ ಮನೇಲೇ ಇರುತ್ತೆ ಬಿಡಿ, ಸೋಫಾದಲ್ಲಿ, ಗೋಡೆಯಲ್ಲಿ. ಹಾಗಾಗಿ 'ವಾರ ಬೇರೆ ಕಡೆ ಬಿಟ್ಟು ನೋಡಿದೆ, ವ್ಯತ್ಯಾಸ ಇಲ್ಲ' ಅನ್ನೋದು ಪರೀಕ್ಷೆಯೇ ಅಲ್ಲ.

ಹೊದಿಕೆ_ಹೊನ್ನಮ್ಮ
ಬೆಕ್ಕು ಬಿಟ್ಟು ಹಾಸಿಗೆಗೆ ಬರ್ರಪ್ಪ. ದಿಂಬಿನ ಕವರ್, ಬೆಡ್‌ಶೀಟ್, ಹೊದಿಕೆ ವಾರಕ್ಕೊಮ್ಮೆ 60 ಡಿಗ್ರಿ ನೀರಲ್ಲಿ. ತಣ್ಣೀರಲ್ಲಿ ಒಗೆದರೆ ಹಿಕ್ಕೆಯೇನೋ ಬಹುಪಾಲು ಹೋಗುತ್ತೆ, ನುಸಿ ಮಾತ್ರ ಸ್ನಾನ ಮಾಡಿಕೊಂಡು ವಾಪಸ್ ಬರುತ್ತೆ. ಮ್ಯಾಟ್ರೆಸ್‌ಗೆ, ದಿಂಬಿಗೆ ಆರೂ ಮಗ್ಗಲು ಮುಚ್ಚುವ ಜಿಪ್ ಕವರ್. ಮೇಲೆ ಮಾತ್ರ ಹೊದಿಸುವ ವಾಟರ್‌ಪ್ರೂಫ್ ಶೀಟ್ ಅಲ್ಲ. ನೇಯ್ಗೆಯ ರಂಧ್ರ 10 ಮೈಕ್ರಾನ್‌ಗಿಂತ ಚಿಕ್ಕದಿರಬೇಕು, ಜಿಪ್ ತುದಿಯ ಸಂದಿನ ಮೇಲೂ ಒಂದು ಪಟ್ಟಿ ಇರಬೇಕು.

ಬೆಳಗ್ಗೆ ಎದ್ದ ತಕ್ಷಣ ಹಾಸಿಗೆ ಮಡಿಸಿ ಮುಚ್ಚಬೇಡಿ. ರಾತ್ರಿಯ ಬೆವರು ಆರಲಿ, ಆಮೇಲೆ ಹೊದಿಸಿ. ಹೊದಿಕೆ ಕೊಡವೋದಿದ್ದರೆ ಹೊರಗೆ. ಬಿಸಿಲು ಬಂದ ದಿನ ದಿಂಬು ಎರಡೂ ಮಗ್ಗಲು ಚೆನ್ನಾಗಿ ಕಾಯಬೇಕು. ಒಂದೇ ಕಡೆ ಕಾಯಿಸಿದರೆ ನುಸಿ ಆ ಕಡೆಯಿಂದ ಈ ಕಡೆ ಬಂದು ಕೂರುತ್ತೆ.

ಪೊರಕೆ_ಬಿಟ್ಟವಳು
ಹತ್ತು ವರ್ಷದಲ್ಲಿ ಹಾಸಿಗೆ ನುಸಿಯಿಂದಲೇ ಎರಡು ಪಟ್ಟು ತೂಕ ಆಗುತ್ತಂತೆ, ಹೌದಾ ಹೊನ್ನಮ್ಮಕ್ಕ?

ಮಂಚದ_ಕೆಳಗೆ
ಅದು ಹಾಸಿಗೆ ಮಾರುವವರ ಕತೆ. ಯಾರೂ ತೂಗಿ ತೋರಿಸಿಲ್ಲ. ಪುಕ್ಕದ ದಿಂಬು ಬಿಟ್ಟು ಸಿಂಥೆಟಿಕ್ ತಗೊಂಡರೆ ಅಲರ್ಜಿ ಇರಲ್ಲ ಅನ್ನೋದೂ ಅಂಥದ್ದೇ. ಅಳೆದು ನೋಡಿದ ಅಧ್ಯಯನಗಳಲ್ಲಿ ಸಿಂಥೆಟಿಕ್ ದಿಂಬಿನಲ್ಲೇ ನುಸಿ ಅಲರ್ಜಿ ಜಾಸ್ತಿ ಸಿಕ್ಕಿದ್ದಿದೆ.

ಸೀನಿನ_ಸರದಾರಿಣಿ
ಮಗಳ ಕರಡಿ ಬೊಂಬೆ? ಅದಿಲ್ಲದೆ ಮಲಗಲ್ಲ. 60 ಡಿಗ್ರಿಗೆ ಹಾಕಿದರೆ ಕಣ್ಣು ಕಿತ್ತು ಬರುತ್ತೆ.

ಹೊದಿಕೆ_ಹೊನ್ನಮ್ಮ
ಕವರಲ್ಲಿ ಕಟ್ಟಿ ಫ್ರೀಜರ್‌ಗೆ. ಮೈನಸ್ 18 ಡಿಗ್ರಿ, ಒಂದೆರಡು ದಿನ. ನುಸಿ ಸಾಯುತ್ತೆ, ಆದರೆ ಹಿಕ್ಕೆ ಹಾಗೇ ಇರುತ್ತೆ, ಆದ್ದರಿಂದ ಆಮೇಲೆ ತಣ್ಣೀರಲ್ಲಿ ಮೆಲ್ಲಗೆ ಒಗೆದು ಪೂರ್ತಿ ಒಣಗಿಸು ಕಂದ. ಒಳಗಿನ ಹತ್ತಿ ಒದ್ದೆ ಉಳಿದರೆ ಬೂಷ್ಟು. ನನ್ನ ಮೊಮ್ಮಗಳು ತನ್ನ ಆನೆ ಬೊಂಬೆ ಇಟ್ಟಿದ್ದ ಫ್ರೀಜರ್ ಬಾಗಿಲು ತೆಗೆದು 'ಆನೆಗೆ ಚಳಿ ಆಗ್ತಿದೆ' ಅಂತ ಶಾಲು ಹೊದಿಸಿ ಬಂದಿದ್ದಳು.

ಕಿಟಕಿ_ರಾಯ
ಬಟ್ಟೆ ಒಳಗ ಒಣಗಿಸೋರು ಎಷ್ಟು ಮಂದಿ ಅದೀರಿ? ಮಳಿ ಬಂದ್ರ ಬೇರೆ ದಾರಿ ಏನು?

ಎಲೆಕ್ಟ್ರಿಕ್_ಎಂಕ
ಒಳಗೆ ಒಣಗಿಸಿದರೆ ಬಟ್ಟೆಯಲ್ಲಿರುವ ಲೀಟರುಗಟ್ಟಲೆ ನೀರು ಎಲ್ಲಿಗೆ ಹೋಗ್ತದೆ? ಗಾಳಿಗೆ, ಅಲ್ಲಿಂದ ಗೋಡೆಗೆ. ಮಲಗುವ ಕೋಣೆಯಲ್ಲಿ ಮಾತ್ರ ಹಗ್ಗ ಕಟ್ಟಬೇಡಿ. ಚಿಕ್ಕದೊಂದು ಕೋಣೆ, ಬಾಗಿಲು ಹಾಕಿ, ಡೀಹ್ಯೂಮಿಡಿಫೈಯರ್ ಜೊತೆ ಫ್ಯಾನ್. ಬಟ್ಟೆಯೂ ಬೇಗ ಒಣಗ್ತದೆ. ಡೀಹ್ಯೂಮಿಡಿಫೈಯರ್ ಕೋಣೆಯನ್ನು ಸ್ವಲ್ಪ ಬಿಸಿ ಮಾಡ್ತದೆ, ಅದು ಗೊತ್ತಿರಲಿ. ತೊಟ್ಟಿಯ ನೀರು ದಿನಾ ಚೆಲ್ಲಿ, ತೊಟ್ಟಿಯನ್ನೂ ತೊಳೆಯಿರಿ. ಇಲ್ಲದಿದ್ದರೆ ಅದೇ ಬೂಷ್ಟಿನ ತೊಟ್ಟಿಲು ಆಗ್ತದೆ.

ಲೆಕ್ಕದ_ಮೇಷ್ಟ್ರು
ಕಿಟಕಿ ಮುಚ್ಚಿರಬೇಕು ಅಂತಲೂ ಹೇಳಿ ಎಂಕಣ್ಣ. ತೆಗೆದಿಟ್ಟು ಆ ಯಂತ್ರ ಹಾಕಿದರೆ ಊರಿನ ಗಾಳಿಯನ್ನೆಲ್ಲ ಒಣಗಿಸುತ್ತಾ ಕೂರುತ್ತೆ.

ಸೀನಿನ_ಸರದಾರಿಣಿ
ಎಲ್ಲ ಓದಿ, ನಮ್ಮವರ ಜೊತೆ ಕೂತು ಲೆಕ್ಕ ಹಾಕಿದೆ. ಉಪ್ಪಿನ ಪರೀಕ್ಷೆ ಮಾಡಿದೆ: ಗಡಿಯಾರದ ಮೀಟರ್ 68 ತೋರಿಸ್ತು, ಅಂದರೆ 7 ಸೇರಿಸಿ ಓದಬೇಕು. ಹಾಗೆ ಓದಿದರೆ ಮಂಚದ ಪಕ್ಕ 77, ಬೀರು ಒಳಗೆ 84. ಗೋಡೆಗೆ ಹಚ್ಚಿದ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ.

ಪ್ಯೂರಿಫೈಯರ್ ಸದ್ಯಕ್ಕೆ ಬೇಡ ಅಂತಾಯ್ತು. ಮೊದಲು ಮಲಗೋ ಕೋಣೆಗೆ ಡೀಹ್ಯೂಮಿಡಿಫೈಯರ್, ದಿಂಬು ಹಾಸಿಗೆಗೆ ಜಿಪ್ ಕವರ್. ಟೆಸ್ಟ್ ರಿಪೋರ್ಟ್ ಬಂದ ಮೇಲೆ ಮಿಕ್ಕಿದ್ದು. ಕಾರ್ಪೆಟ್ ಮಡಿಸಿ ಆಚೆ ಇಟ್ಟಾಯ್ತು, ಬೀರು ಗೋಡೆಯಿಂದ ಎಳೆದಾಯ್ತು. ಎಳೆದಾಗ ಹಿಂದೆ ಸಿಕ್ಕಿದ್ದು: ಮೂರು ಪೆನ್ಸಿಲ್, ಕಳೆದುಹೋಗಿದ್ದ ರಿಮೋಟ್, ಗೋಡೆ ಉದ್ದಕ್ಕೂ ಕಪ್ಪು ಬೂಷ್ಟು.

ಗಾರೆ_ಕರಣೆ
ಉದ್ದಕ್ಕೂ ಅಂದ್ರೆ ಎಷ್ಟು? ಕೆಳಗಿಂದ ಮೇಲಕ್ಕೆ ಐತಾ, ಮೇಲಿಂದ ಕೆಳಕ್ಕಾ?

ಸೀನಿನ_ಸರದಾರಿಣಿ
ನೆಲದಿಂದ ಮಂಡಿ ಎತ್ತರಕ್ಕೆ. ಅದರ ಮೇಲೆ ಗೋಡೆ ಚೆನ್ನಾಗಿದೆ. ಗೋಡೆ ಬುಡದ ಸ್ಕರ್ಟಿಂಗ್ ಟೈಲ್ಸ್ ಮೇಲಂಚಿಗೆ ಪೇಂಟ್ ಉಬ್ಬಿದೆ, ಬೆರಳಿಟ್ಟರೆ ಬಿಳಿ ಪುಡಿ ಅಂಟುತ್ತೆ.

ಗಾರೆ_ಕರಣೆ
ಆ ಬಿಳಿ ಪುಡಿ ಬೂಷ್ಟಲ್ಲ, ಗೋಡೆ ಒಳಗಿನ ಉಪ್ಪು. ನೀರು ಕೆಳಗಿಂದ ಏರ್ತಾ ಐತೆ, ಇಲ್ಲ ಪಕ್ಕದ ಬಾತ್‌ರೂಮಿನ ನೆಲ ಸೋರ್ತೈತೆ. ಪ್ಲಾಸ್ಟಿಕ್ ಹಾಳೆ ತೆಗೆದಾಗ ಯಾವ ಮಗ್ಗಲು ಒದ್ದೆ ಅಂತ ನೋಡಿ ಹೇಳಿ. ಡೀಹ್ಯೂಮಿಡಿಫೈಯರ್ ಆರ್ಡರ್ ಮಾಡೋದು ಅಲ್ಲೀವರೆಗೆ ತಡೀರಿ ಅಮ್ಮಾ, ಮೊದಲು ಪ್ಲಂಬರ್‌ಗೆ ಹೇಳಬೇಕಾಗಬಹುದು.

ಒಂದೇ_ಮಾತು
ಪ್ಲಂಬರ್ ಕರೀರಿ. ಕಥೆ ಮುಗೀತು.

ಮಂಚದ_ಕೆಳಗೆ
ಈ ಸಲ ಒಪ್ಪಿದೆ.